ಮುಗ್ಗಿದ ಹಿಟ್ಟು, ಐದನೇ ತಿಂಗಳು

ಅವ್ವ ಬಾಣಂತನಕ್ಕೆಂದು ಬಂದಿದ್ದಾಳೆ. ಹೆರಿಗೆಗೆ ಇನ್ನೂ ನಾಲ್ಕು ತಿಂಗಳಿದೆ, ಆದರೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಮೊಮ್ಮಗಳ ಶಾಲೆಗೂ ರಜೆ ಹತ್ತಿರವಿತ್ತು. ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಬಾಗಲಕೋಟೆಯ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಒಣಕೊಬ್ಬರಿ, ಅಂಟು.

ಲಾ ಹೋಯಾದಲ್ಲಿ ಮೇ, ಜೂನ್ ಎಂದರೆ ಕ್ಯಾಲಿಫೋರ್ನಿಯಾದ ಬಿಸಿಲಲ್ಲ. ಸಮುದ್ರದಿಂದ ಎದ್ದ ಮಂಜು ಮಧ್ಯಾಹ್ನದವರೆಗೂ ಕಿಟಕಿ ಬಿಡುವುದಿಲ್ಲ, ಡಬ್ಬಿಯಲ್ಲಿನ ಉಪ್ಪು ಹೆಪ್ಪುಗಟ್ಟುತ್ತದೆ. ಮೂರನೇ ವಾರ ಹಿಟ್ಟಿನ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ನನಗೆ ಐದು ತಿಂಗಳು. ಮೇಲಾಗಿ ನನ್ನ ಕೆಲಸವೇ ಕರುಳಿನ ಒಳಪದರದ ಜೀವಕೋಶಗಳನ್ನು ಬೆಳೆಸಿ, ಯಾವುದು ಅವಕ್ಕೆ ಏಟು ಕೊಡುತ್ತದೆ ಎಂದು ನೋಡುವುದು. ಚೀಲವನ್ನು ಪಕ್ಕಕ್ಕಿಟ್ಟು ಶುರುಮಾಡಿದೆ: ಬೂಷ್ಟಿನ ವಿಷ, ಗರ್ಭ, ಕರುಳು, ಹಂದಿಗಳ ಮೇಲಿನ ಪ್ರಯೋಗ, ಎಲ್ಲವನ್ನೂ.

ಅವ್ವ ಕೈ ಒರೆಸಿಕೊಳ್ಳುತ್ತ ಕೇಳಿದಳು. ಆಮೇಲೆ ಅಂದಳು, "ನೀ ಹೊಟ್ಯಾಗ ಇದ್ದಾಗ ನಾ ಏನೇನ್ ತಿಂದೀನಿ ಅಂತ ಲೆಕ್ಕಾ ಹಚ್ಚಾಕತ್ತೀಯೇನು?"

ನನ್ನ ಬಾಯಿ ಕಟ್ಟಿತು.

ಅದೇ ವಾರ ಅರ್ವೈನ್‌ನಿಂದ ಓದುಗರೊಬ್ಬರ ಪತ್ರ ಬಂದಿತ್ತು. ಮೂರು ವರ್ಷದ ಮಗನಿಗೆ ಮಲಬದ್ಧತೆ, "ಬಸುರಿಯಿದ್ದಾಗ ನಾನು ಏನಾದರೂ ತಿನ್ನಬಾರದ್ದನ್ನು ತಿಂದೆನೇ?" ಎಂಬ ಪ್ರಶ್ನೆ. ಅವ್ವನದು ಸಿಟ್ಟು, ಇವರದು ಅಳುಕು, ಆದರೆ ಎರಡರ ಬುಡ ಒಂದೇ. ಹಾಗಾಗಿ ಈ ಸಲದ ಅಂಕಣ ಇಬ್ಬರಿಗೂ.

ಪತ್ರಕ್ಕೆ ಉತ್ತರ ಮೊದಲು ಹೇಳಿಬಿಡುತ್ತೇನೆ. ಈ ವಯಸ್ಸಿನ ಮಲಬದ್ಧತೆಗೆ ಸಾಮಾನ್ಯ ಕಾರಣಗಳು ಹಣ್ಣು, ತರಕಾರಿ, ನೀರು ಕಡಿಮೆಯಾಗುವುದು, ಹಾಲು ಹೆಚ್ಚಾಗುವುದು, ಪಾಟಿ ಕಲಿಸುವ ದಿನಗಳಲ್ಲಿ ಮಗು ತಡೆಹಿಡಿಯುವುದು. ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಮ ಬಸಿರಿನ ಊಟದ ಪಟ್ಟಿಯನ್ನು ಮಡಿಚಿಡಿ.

ಹಾಗಾದರೆ ನಾವು ಪ್ರಯೋಗಾಲಯದಲ್ಲಿ ಹೆದರುವುದಾದರೂ ಯಾವುದಕ್ಕೆ? ಕರುಳು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನೋಡಿದರೆ ಅರ್ಥವಾಗುತ್ತದೆ. ಗರ್ಭ ಕಟ್ಟಿದ ನಾಲ್ಕನೇ ವಾರದ ಹೊತ್ತಿಗೆ ಅದು ಒಂದು ಸರಳ ಕೊಳವೆ. ಆರನೇ ವಾರದಲ್ಲಿ ಎಷ್ಟು ವೇಗವಾಗಿ ಉದ್ದವಾಗುತ್ತದೆಂದರೆ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದೆ, ಕರುಳಿನ ಒಂದು ಭಾಗ ಹೊಕ್ಕುಳಬಳ್ಳಿಯೊಳಗೆ ಹೊರಬಂದು ಅಲ್ಲೇ ಬೆಳೆಯುತ್ತದೆ, ಹತ್ತನೇ ವಾರದ ಹೊತ್ತಿಗೆ ಸುತ್ತಿಕೊಂಡು ಒಳಗೆ ವಾಪಸಾಗುತ್ತದೆ. (ಡಾಕ್ಟರರ ಲೆಕ್ಕಕ್ಕೆ ಎರಡು ವಾರ ಕೂಡಿಸಿಕೊಳ್ಳಿ.) ಪಠ್ಯಪುಸ್ತಕದಲ್ಲಿ ಇದನ್ನು ಮೊದಲ ಸಲ ಓದಿದಾಗ ನಾನು ನಂಬಿರಲಿಲ್ಲ. ಆಮೇಲೆ ಒಳಗೋಡೆಯಲ್ಲಿ ಬೆರಳಿನಂಥ ಮಡಿಕೆಗಳು ಏಳುತ್ತವೆ, ಅವುಗಳ ಬುಡದಲ್ಲಿ ಮೂಲಕೋಶಗಳು ನೆಲೆನಿಲ್ಲುತ್ತವೆ. ಹುಟ್ಟಿದ ಮೇಲೂ ಈ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದೆ.

ಇಷ್ಟು ಬಿರುಸಿನ ಕೆಲಸ ನಡೆಯುವ ಕಡೆ ಕಚ್ಚಾಸಾಮಗ್ರಿ ನಿಂತರೆ ಪೆಟ್ಟು ಮೊದಲು ಅಲ್ಲೇ. ಧಾನ್ಯದ ಮೇಲೆ ಬೆಳೆಯುವ ಫ್ಯುಸೇರಿಯಂ ಎಂಬ ಬೂಷ್ಟು ಮಾಡುವ ವಿಷಗಳು ಇದನ್ನೇ ಮಾಡುತ್ತವೆ. ಗೋಧಿಯಲ್ಲಿ ಸಿಗುವ ಡಿಆಕ್ಸಿನಿವಲೆನಾಲ್ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ. ಮೆಕ್ಕೆಜೋಳದಲ್ಲಿ ಹೆಚ್ಚು, ಜೋಳದಲ್ಲಿ ಕಡಿಮೆ ಸಿಗುವ ಫ್ಯುಮೋನಿಸಿನ್ ಕೋಶದ ಹೊದಿಕೆಗೆ ಬೇಕಾದ ಒಂದು ಬಗೆಯ ಕೊಬ್ಬಿನ ತಯಾರಿಕೆಗೆ ಅಡ್ಡ ಬರುತ್ತದೆ. ಇದನ್ನು ತಿಂದ ಹಂದಿಮರಿಗಳ ಕರುಳಿನಲ್ಲಿ ರೋಗ ತರುವ ಇ. ಕೊಲೈ ಹೆಚ್ಚು ಬೇರೂರಿದ್ದನ್ನು 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಡಿಆಕ್ಸಿನಿವಲೆನಾಲ್ ಗರ್ಭಿಣಿ ಹಂದಿಯಿಂದ ಹೊಟ್ಟೆಯೊಳಗಿನ ಮರಿಗೆ ದಾಟುತ್ತದೆ ಎಂಬುದೂ ಗೊತ್ತಿದೆ. ಹಂದಿಯ ಕರುಳು ನಮ್ಮದಕ್ಕೆ ಬಹಳ ಹತ್ತಿರದ್ದು, ಹಾಗಾಗಿ ಹಂದಿ.

ಮನುಷ್ಯರ ಮಾತಿಗೆ ಬಂದರೆ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಮ್ಮ ಕಡೆಯ ಮೂಲದವರೂ ಸೇರಿ 85 ಗರ್ಭಿಣಿಯರ ಮೂತ್ರ ಪರೀಕ್ಷಿಸಿದರು. ಡಿಆಕ್ಸಿನಿವಲೆನಾಲ್ 85 ಜನರಲ್ಲೂ ಇತ್ತು. ಮುಖ್ಯ ಮೂಲ ಬ್ರೆಡ್ಡು. ಇದನ್ನು ಓದಿ ಬ್ರೆಡ್ ಎಸೆಯಬೇಡಿ. ಯಾರೂ ಪೂರ್ತಿ ತಪ್ಪಿಸಿಕೊಳ್ಳಲಾಗದ್ದು ಯಾವ ಒಬ್ಬ ತಾಯಿಯ ತಪ್ಪೂ ಅಲ್ಲ, ಇದನ್ನು ನಾನು ಅವ್ವನಿಗೆ ಮೊದಲೇ ಹೇಳಬೇಕಿತ್ತು. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಅಮೆರಿಕದ ಎಫ್‌ಡಿಎ ಗೋಧಿಯ ಸಿದ್ಧ ಪದಾರ್ಥಗಳಿಗೆ ಇಟ್ಟ ಸಲಹಾ ಮಿತಿ ಹತ್ತು ಲಕ್ಷದಲ್ಲಿ ಒಂದು ಪಾಲು.

ಪ್ರಮಾಣ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದಖ್ಖನ್ನಿನದೇ ಉದಾಹರಣೆ ಇದೆ. 1995ರಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದು ಜೋಳ, ಮೆಕ್ಕೆಜೋಳ ನೆನೆದವು. ಅದನ್ನೇ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ಭಟ್ ಮತ್ತು ಸಂಗಡಿಗರು ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ರೋಗಿಗಳಿದ್ದರು. ಫ್ಯುಮೋನಿಸಿನ್ ಕಿಲೋಗೆ, ಜೋಳದಲ್ಲಿ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7ರವರೆಗೆ ಸಿಕ್ಕಿತು. ಒಳ್ಳೆಯ ಕಾಳು ಕೊಳ್ಳುವ ಶಕ್ತಿಯಿದ್ದವರು ಕೊಂಡರು. ಇಲ್ಲದ ಮನೆಗಳು ನೆನೆದದ್ದನ್ನೇ ಬೀಸಿಕೊಂಡವು.

ಇದನ್ನು ಹೇಳಿದಾಗ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮುಂಗಾರಿ ಜೋಳ ಮಳ್ಯಾಗ ತೆನಿ ಕಪ್ಪಾಗತಾವ, ಅದಕ್ಕ ಉಣ್ಣಾಕ ಹಿಂಗಾರಿ ಬಿಳಿಜೋಳ" ಅಂದಳು. ಹಿಂಗಾರಿ ಜೋಳ ಎರೆಮಣ್ಣಿನ ತೇವದಲ್ಲೇ ಬೆಳೆದು ಒಣಹವೆಯಲ್ಲಿ ಮಾಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ಹಗೇವು ತೆಗೆದಾಗ ಗೋಡೆಗೆ ತಾಗಿದ ಕಾಳನ್ನು ಬೇರೆ ಮಾಡಿ ಇಡುತ್ತಿದ್ದರಂತೆ. ನಾನು ಮೂರು ವರ್ಷ ಓದಿ ಕಲಿತದ್ದರ ಅರ್ಧ ಅವಳಿಗೆ ಮೊದಲೇ ಗೊತ್ತಿತ್ತು. ಉಳಿದರ್ಧ ಗೊತ್ತಿರಲಿಲ್ಲ ಎನ್ನುವುದೂ ನಿಜವೇ: ಬೂಷ್ಟು ಕೊಡವಿದರೂ ವಿಷ ಹಿಟ್ಟಿನಲ್ಲಿ ಉಳಿಯುತ್ತದೆ, ಜರಡಿ ಹಿಡಿದು ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ, ವಿಷ ಹೋಗುವುದಿಲ್ಲ, ರೊಟ್ಟಿ ಹಂಚಿನ ಮೇಲೆ ಉಬ್ಬಿ ಬಂದರೂ ಅಷ್ಟೇ.

ಇನ್ನು ನಾವಿರುವ ಈ ಊರಿನ ಕಥೆ. ಸ್ಯಾನ್ ಡಿಯಾಗೊ ಮೆಕ್ಸಿಕೊ ಗಡಿಯ ಊರು, ಇಲ್ಲಿಯ ರೊಟ್ಟಿ ಎಂದರೆ ಮೆಕ್ಕೆಜೋಳದ ಟೋರ್ಟಿಯಾ. ಇದೇ ಗಡಿಯ ಇನ್ನೊಂದು ತುದಿಯಲ್ಲಿ, ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ, 1990–91ರಲ್ಲಿ ಮಿದುಳು, ಬೆನ್ನುಹುರಿ ಸರಿಯಾಗಿ ಕೂಡದ ಮಕ್ಕಳು ಸಾಲಾಗಿ ಹುಟ್ಟಿದವು. ಅದಕ್ಕೂ ಮುಂಚಿನ ಹಂಗಾಮಿನ ಮೆಕ್ಕೆಜೋಳದಲ್ಲಿ ಫ್ಯುಮೋನಿಸಿನ್ ಹೆಚ್ಚಿತ್ತು. ಟೋರ್ಟಿಯಾ ತಿಂದ ಪ್ರಮಾಣಕ್ಕೂ ಈ ದೋಷಕ್ಕೂ ನಂಟಿದೆ ಎಂದು 2006ರ ಅಧ್ಯಯನ ತೋರಿಸಿತು. ಈ ವಿಷ ಜೀವಕೋಶಗಳು ಫೋಲೇಟನ್ನು ಒಳಗೆಳೆದುಕೊಳ್ಳುವುದಕ್ಕೂ ಅಡ್ಡಿ ಮಾಡುತ್ತದೆ. ಪ್ರಯೋಗದ ಇಲಿಗಳಿಗೆ ಫೋಲೇಟ್ ಕೊಟ್ಟಾಗ ಮರಿಗಳ ದೋಷ ಕಡಿಮೆಯಾಯಿತು. ಟೋರ್ಟಿಯಾ ಮಾಡುವವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ಆ ನೀರು ಚೆಲ್ಲುವ ಹಳೆಯ ಪದ್ಧತಿ ಫ್ಯುಮೋನಿಸಿನ್ನನ್ನು ಸಾಕಷ್ಟು ತೊಳೆಯುತ್ತದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಅಮೆರಿಕ 1998ರಿಂದ "ಎನ್ರಿಚ್ಡ್" ಎಂದು ಬರೆದ ಬಿಳಿಹಿಟ್ಟಿಗೆ ಫೋಲಿಕ್ ಆಸಿಡ್ ಸೇರಿಸುವುದನ್ನು ಕಡ್ಡಾಯ ಮಾಡಿದೆ. ಟೋರ್ಟಿಯಾ ಹಿಟ್ಟು ಆ ಪಟ್ಟಿಯಲ್ಲಿರಲಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ, 2026ರ ಜನವರಿ 1ರಿಂದ ಅದಕ್ಕೂ ಸೇರಿಸಬೇಕೆಂದಿತು. ಈಗ ನಮ್ಮ ಅಡುಗೆಮನೆ ನೋಡಿ: ಪಯನೀರ್ ಬುಲೆವಾರ್ಡ್‌ನಲ್ಲೋ ಮಿರಾ ಮೆಸಾದಲ್ಲೋ ಕೊಂಡ ಚಪಾತಿ ಹಿಟ್ಟು, ಜೋಳದ ಹಿಟ್ಟು, ರಾಗಿ ಹಿಟ್ಟು ಎರಡೂ ನಿಯಮಗಳ ಹೊರಗೆ. ಅಂಗಡಿಯ ಬ್ರೆಡ್ ತಿನ್ನುವವರಿಗೆ ತಾನಾಗಿ ಸಿಗುವುದು ರೊಟ್ಟಿ, ಮುದ್ದೆ ತಿನ್ನುವವರಿಗೆ ಸಿಗುವುದಿಲ್ಲ. ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ, ಎಷ್ಟೋ ಸಲ ನಮಗೆ ಗೊತ್ತಾಗುವುದಕ್ಕೂ ಮುಂಚೆ. ಹಾಗಾಗಿ ಮಗು ಬೇಕೆಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರುಮಾಡಿ. ಈ ಅಂಕಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದೇ ಇರಲಿ.

ಉಳಿದದ್ದು ಸಣ್ಣ ಎಚ್ಚರಗಳು. ಹಿಟ್ಟನ್ನು ಸ್ವಲ್ಪಸ್ವಲ್ಪ ತಂದು ಗಾಳಿಯಾಡದ ಡಬ್ಬಿಯಲ್ಲಿ, ಸಾಧ್ಯವಾದರೆ ಫ್ರೀಜರಿನಲ್ಲಿ ಇಡಿ. ಮುಗ್ಗಿದ್ದು, ಕಹಿಯಾದ ಶೇಂಗಾ, ಬಣ್ಣಗೆಟ್ಟ ಕಾಳು ಬುಟ್ಟಿಗೆ. ಇಂದು ಜೋಳ, ನಾಳೆ ಅಕ್ಕಿ, ನಾಡಿದ್ದು ರಾಗಿ ಎಂದು ಬದಲಿಸುತ್ತಿದ್ದರೆ ಯಾವ ಒಂದು ಬೂಷ್ಟಿನ ವಿಷವೂ ದಿನದಿನ ಹೊಟ್ಟೆಗೆ ಹೋಗುವುದಿಲ್ಲ. ಅಕಸ್ಮಾತ್ ಒಂದು ದಿನ ಮುಗ್ಗಿದ್ದು ತಿಂದುಬಿಟ್ಟಿರಿ ಎಂದು ರಾತ್ರಿ ನಿದ್ದೆ ಬಾರದಿದ್ದರೆ ಗೂಗಲ್ ಮಾಡುತ್ತ ಕೂರಬೇಡಿ. ನಮ್ಮ ಯುಸಿ ಸ್ಯಾನ್ ಡಿಯಾಗೊದಲ್ಲೇ ಇರುವ ಮದರ್‌ಟುಬೇಬಿ ಕ್ಯಾಲಿಫೋರ್ನಿಯಾ ಇಂಥ ಪ್ರಶ್ನೆಗಳಿಗೆಂದೇ ಇರುವ ಉಚಿತ ಸೇವೆ. (ಅರಿಸಿನದಲ್ಲಿನ ಸೀಸದ ಬಗ್ಗೆ ಕೇಳಿದವರಿಗೆ: ಅದು ಬೇರೆಯದೇ ಕಥೆ, ಮುಂದಿನ ತಿಂಗಳು.)

ಹಿಟ್ಟನ್ನು ಅವ್ವನೇ ಚೆಲ್ಲಿದಳು, ನಾನು ಲ್ಯಾಬಿನಲ್ಲಿದ್ದಾಗ. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಚೆಲ್ಲುವಾಗ ನಾನು ಎದುರಿಗಿರದಿದ್ದುದು ಒಳ್ಳೆಯದೇ ಆಯಿತೇನೋ. ಶನಿವಾರ ಇಂಡಿಯನ್ ಸ್ಟೋರಿನಿಂದ ಇಡೀ ಜೋಳ ತಂದೆವು. ಮೊರವಿಲ್ಲ, ಸ್ಟೀಲ್ ಪರಾತವೇ ಮೊರ. ಅಜ್ಜಿಯ ಪಕ್ಕ ಕುಳಿತ ಐದು ವರ್ಷದ ಮಗಳಿಗೆ ಹಸನು ಮಾಡುವುದು ಆಟ, ಹುಳುಕು, ಜೊಳ್ಳು, ಮುಗ್ಗು ಮೂರೂ ಹೊಸ ಪದ. ಮೂರಕ್ಕೂ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ನನಗೆ ಒಂದೇ ಒಂದು ಪದ ಹೊಳೆಯಿತು, ಬ್ಯಾಡ್.

"ದಿಸ್ ಒನ್ ಈಸ್ ಜೊಳ್ಳು, ಅಜ್ಜಿ," ಎಂದು ಒಂದು ಕಾಳನ್ನು ಬೆಳಕಿಗೆ ಹಿಡಿದಳು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಲ್ಲ, ಅದು ಚಲೋ ಐತಿ, ಹಾಕು" ಅಂದಳು.