ಅಲಾಭವೂ ಒಂದು ಪರೀಷಹ

ಸಂದರ್ಶನ ಮುಗಿದು ಕೆಲವು ದಿನಗಳಾದ ಮೇಲೆ ಎರಡು ಸಾಲಿನ ಇಮೇಲ್ ಬರುತ್ತದೆ: ಈ ಬಾರಿ ಆಯ್ಕೆಯಾಗಿಲ್ಲ, ಮುಂದಿನ ಪ್ರಯತ್ನಕ್ಕೆ ಶುಭಾಶಯ. ಅನೇಕ ಸಲ ಅದೂ ಬರುವುದಿಲ್ಲ. ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಿಂದ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಬಂದು, ನಾಲ್ವರೊಡನೆ ಕೋಣೆ ಹಂಚಿಕೊಂಡು ಕೆಲಸ ಅರಸುವ ಜೈನ ತರುಣ ತರುಣಿಯರಿಗೆ ಈ ಮೌನ ಅಪರಿಚಿತವಲ್ಲ. ಆ ಸಂಜೆ ಊರಿನಿಂದ ಬರುವ ಫೋನಿನಲ್ಲಿ ಮನೆಯವರು ಏನು ಹೇಳುತ್ತಾರೆ ಎಂಬುದೇ ಸಮಾಜ ಯೋಚಿಸಬೇಕಾದ ವಿಷಯ.

ಮಗನಾದರೆ, “ಇರಲಿ ತಮ್ಮಾ, ಇನ್ನೊಂದು ಕಡೆ ನೋಡು” ಎನ್ನುತ್ತಾರೆ. ಮಗಳಾದರೆ, “ಸಾಕವ್ವಾ, ಬಂದುಬಿಡು, ಒಳ್ಳೆಯ ಸಂಬಂಧ ಬಂದದ” ಎನ್ನುತ್ತಾರೆ. ಇಬ್ಬರಿಗೂ ಹೇಳುವ ಸಮಾಧಾನ ಮಾತ್ರ ಒಂದೇ: ಅಂತರಾಯ ಕರ್ಮ, ಯಾರೇನು ಮಾಡಲಾದೀತು?

ಶಾಸ್ತ್ರದ ಹೆಸರಿನಲ್ಲಿ ಹೇಳುವ ಈ ಮಾತು ಶಾಸ್ತ್ರದ ಅರ್ಧವನ್ನಷ್ಟೇ ಹೇಳುತ್ತದೆ. ಲಾಭಕ್ಕೆ ಅಡ್ಡಬರುವುದು ಅಂತರಾಯ ಕರ್ಮ ಎಂಬುದು ನಿಜ. ಆದರೆ ಆ ಕರ್ಮದ ಆಸ್ರವಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಡುವ ಕಾರಣ ವಿಘ್ನವನ್ನುಂಟುಮಾಡುವುದು. ಮತ್ತೊಬ್ಬರ ಲಾಭಕ್ಕೆ, ಶಕ್ತಿಗೆ ಅಡ್ಡಿಯಾಗುವವನು ಆ ಕರ್ಮವನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಒಂದು ನಿರಾಕರಣೆಯನ್ನೇ ನೆಪಮಾಡಿಕೊಂಡು ಮಗಳ ಮುಂದಿನ ಪ್ರಯತ್ನವನ್ನು ನಿಲ್ಲಿಸುವ ಹಿರಿಯರು, ಅವಳ ಅಂತರಾಯದ ಬಗ್ಗೆ ಮಾತನಾಡುವ ಮುನ್ನ ತಮ್ಮದನ್ನು ಲೆಕ್ಕ ಹಾಕಿಕೊಳ್ಳುವುದು ಒಳಿತು.

ಇದು ಒಂದೆರಡು ಮನೆಗಳ ಮಾತಲ್ಲ. 2001ರ ಜನಗಣತಿಯಲ್ಲಿ ಜೈನ ಮಹಿಳೆಯರ ಸಾಕ್ಷರತೆ ಶೇ. 90.6ರಷ್ಟಿತ್ತು, ದೇಶದ ಪ್ರಮುಖ ಧಾರ್ಮಿಕ ಸಮುದಾಯಗಳಲ್ಲೇ ಅದು ಅತ್ಯಧಿಕ. ದುಡಿಮೆಯಲ್ಲಿ ತೊಡಗಿದ್ದ ಜೈನ ಮಹಿಳೆಯರ ಪ್ರಮಾಣ ಕೇವಲ ಶೇ. 9.2, ಅದು ಆ ಸಮುದಾಯಗಳಲ್ಲೇ ಅತ್ಯಲ್ಪ. ಅಂಕಿಗಳು ಹಳೆಯವು, ಆದರೆ ಅವು ತೋರಿಸಿದ ಅಭ್ಯಾಸ ಇನ್ನೂ ಅಳಿದಿಲ್ಲ. ಓದಿಸುವವರೆಗೆ ಉತ್ಸಾಹ, ಮೊದಲ ಸೋಲಿನವರೆಗೆ ಅನುಮತಿ: ಎಷ್ಟೋ ಮನೆಗಳ ನಿಯಮ ಇಂದಿಗೂ ಇದೇ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತಾಗ ವಿದ್ಯಾರ್ಥಿವೇತನದ ಚರ್ಚೆ ಸಾಕಷ್ಟು ನಡೆಯಿತು. ಓದು ಮುಗಿದ ಮೇಲಿನ ದಾರಿಯ ಚರ್ಚೆ ಅಷ್ಟು ನಡೆಯಲಿಲ್ಲ.

ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ಹಸಿವು, ಬಾಯಾರಿಕೆ, ಶೀತ, ಉಷ್ಣಗಳ ಜೊತೆಗೆ ಅಲಾಭವೂ ಒಂದು. ಆಹಾರಕ್ಕೆ ಹೊರಟು ಬರಿಗೈಯಲ್ಲಿ ಮರಳುವ ಮುನಿ ಗೃಹಸ್ಥನನ್ನು ನಿಂದಿಸುವುದಿಲ್ಲ, ತನ್ನನ್ನು ಹೀನನೆಂದು ಭಾವಿಸುವುದೂ ಇಲ್ಲ. ಮತ್ತೆ ಚರಿಗೆಗೆ ಹೊರಡುವುದನ್ನು ಬಿಡುವುದೂ ಇಲ್ಲ. ಸಹನೆ ಎಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಆದಿತೀರ್ಥಂಕರನ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಆರು ತಿಂಗಳ ಯೋಗ ಮುಗಿಸಿ ವೃಷಭನಾಥನು ಚರಿಗೆಗೆ ಹೊರಟಾಗ ಜನರು ಆಭರಣ ತಂದರು, ವಾಹನ ತಂದರು, ಕನ್ಯೆಯರನ್ನು ಕರೆತಂದರು. ಒಂದು ತುತ್ತು ಆಹಾರವನ್ನು ವಿಧಿಪೂರ್ವಕವಾಗಿ ನೀಡುವುದು ಯಾರಿಗೂ ತಿಳಿದಿರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ರಸ ನೀಡುವವರೆಗೂ ಅಲೆದಾಟ ತಿಂಗಳುಗಟ್ಟಲೆ ನಡೆಯಿತು. ಪಡೆಯುವವನಲ್ಲಿ ಕೊರತೆಯಿರಲಿಲ್ಲ, ಕೊಡುವವರಿಗೆ ಅರಿವಿರಲಿಲ್ಲ. ಆ ದಿನವನ್ನು ಅಕ್ಷಯ ತೃತೀಯೆಯೆಂದು ಆಚರಿಸುವ ಸಮಾಜ, ಅಂದು ಚಿನ್ನ ಕೊಳ್ಳುವುದರ ನಡುವೆ ಈ ಪಾಠವನ್ನೂ ನೆನೆಯಬಹುದು.

ಹಾಗೆಂದು ಪ್ರತಿ ನಿರಾಕರಣೆಯೂ ಸಂದರ್ಶಕರ ತಪ್ಪೆಂದು ಭಾವಿಸಿದರೆ ಅದು ಏಕಾಂತವಾದವಾದೀತು. ಅರ್ಧ ಗಂಟೆಯ ಸಂದರ್ಶನ ಅಭ್ಯರ್ಥಿಯ ಒಂದು ಪರ್ಯಾಯವನ್ನಷ್ಟೇ ಕಾಣುತ್ತದೆ. ಕಂಡಷ್ಟು ಸತ್ಯವಿರಬಹುದು, ಕಂಡಷ್ಟೇ ಸತ್ಯವಲ್ಲ. ಆದ್ದರಿಂದ ನೊಂದವರಿಗೆ ಒಂದೆರಡು ದಿನ ನೋಯಲು ಬಿಡಬೇಕು. ಬಳಿಕ, ಕೇಳಿದ ಪ್ರಶ್ನೆಗಳನ್ನೂ ತಡವರಿಸಿದ ಉತ್ತರಗಳನ್ನೂ ಅವರು ಬರೆದಿಟ್ಟುಕೊಳ್ಳಲಿ. ಕಾರಣ ತಿಳಿಸುವಂತೆ ಸಂಸ್ಥೆಗೆ ವಿನಯದಿಂದ ಪತ್ರ ಬರೆಯಲಿ. ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೋಡಿಕೊಳ್ಳುವ ಪರಂಪರೆಗೆ ಇದು ಕಷ್ಟವಾಗಬಾರದು. ದೋಷವನ್ನು ಒಪ್ಪುವುದು ಬೇರೆ, ತಾನೇ ದೋಷವೆಂದು ನಂಬುವುದು ಬೇರೆ.

ಸಮಾಜದ ಹೊಣೆ ಇದಕ್ಕಿಂತ ದೊಡ್ಡದು. ಜೈನ ಟ್ರಸ್ಟುಗಳು ಶಾಲೆ, ಕಾಲೇಜು, ಆಸ್ಪತ್ರೆಗಳನ್ನು ನಡೆಸುತ್ತವೆ. ಜೈನ ಉದ್ಯಮಿಗಳು ಸಾವಿರಾರು ಜನರಿಗೆ ಕೆಲಸ ಕೊಡುತ್ತಾರೆ. ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರಿಗೂ, ಅವರು ಯಾವ ಮತದವರೇ ಆಗಿರಲಿ, ನಿಗದಿತ ಅವಧಿಯೊಳಗೆ ಕಾರಣಸಹಿತ ಉತ್ತರ ಬರೆಯುವ ನಿಯಮವನ್ನು ಇವರು ಮೊದಲು ಪಾಲಿಸಲಿ. ಉತ್ತರ ಕೊಡದೆ ಕಾಯಿಸುವುದೂ ಹಿಂಸೆಯೇ. ಚಾತುರ್ಮಾಸದ ಮಂಟಪಕ್ಕೆ ಲಕ್ಷಗಟ್ಟಲೆ ಸಂಗ್ರಹಿಸುವ ನಗರದ ಸಂಘಗಳು, ಬಸದಿಯ ಸಭಾಭವನದಲ್ಲಿ ತಿಂಗಳಿಗೊಂದು ಭಾನುವಾರ ಅಣಕು ಸಂದರ್ಶನ ನಡೆಸಲು ಹೆಚ್ಚಿನ ಹಣ ಬೇಕಾಗದು. ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು ಅಲ್ಲಿ ಪೂಜೆಗೆ ಬಂದೇ ಬರುತ್ತಾರೆ.

ಮತ್ತು ಆ ಸಂಜೆಯ ಫೋನು. ಮಗನಿಗೆ ಹೇಳುವ ಮಾತನ್ನೇ ಮಗಳಿಗೂ ಹೇಳಬೇಕು: “ಇರಲಿ ತಂಗಿ, ಇನ್ನೊಂದು ಕಡೆ ನೋಡು. ಕೋಣೆಯ ಬಾಡಿಗೆ ಈ ತಿಂಗಳೂ ಕಳಿಸ್ತೀವಿ.” ಸಮಾಜ ಸುಧಾರಣೆಗೆ ಇದಕ್ಕಿಂತ ಕಡಿಮೆ ಖರ್ಚಿನ ಆರಂಭ ಮತ್ತೊಂದಿಲ್ಲ.