ಯೂರಿಯಾ ಚೀಲಕ್ಕೆ ಲಕ್ಷ ಕೋಟಿ, ಅಕ್ಕಡಿ ಸಾಲಿಗೆ ಎಷ್ಟು?

2025ರ ಮುಂಗಾರಿನಲ್ಲಿ ಕೊಪ್ಪಳ, ಗದಗ ಸೀಮೆಯ ರೈತರು ಯೂರಿಯಾಕ್ಕಾಗಿ ಗೊಬ್ಬರದ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತರು. ಮಳೆ ಬೇಗ ಬಿದ್ದಿತ್ತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಾಗಿತ್ತು, ದಾಸ್ತಾನು ಸಾಲಲಿಲ್ಲ. ಬೆಂಗಳೂರು ದೆಹಲಿಯತ್ತ ಬೆರಳು ತೋರಿಸಿತು, ದೆಹಲಿ ಬೆಂಗಳೂರಿನತ್ತ. ಅದಕ್ಕೆ ಎಂಟು ತಿಂಗಳ ಹಿಂದಷ್ಟೇ, 2024ರ ನವೆಂಬರಿನಲ್ಲಿ, ಒಂದು ಕೋಟಿ ರೈತರನ್ನು ನೈಸರ್ಗಿಕ ಕೃಷಿಗೆ ಕರೆತರುವ ರಾಷ್ಟ್ರೀಯ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಸಾಲಿನಲ್ಲಿ ನಿಂತವರಿಗೆ ಆ ಸುದ್ದಿ ತಲುಪಿತ್ತೋ ಇಲ್ಲವೋ, ತಲುಪಿದ್ದರೂ ಅವರು ಅಲ್ಲೇ ನಿಂತಿರುತ್ತಿದ್ದರು.

ಕಾರಣ ಲೆಕ್ಕದಲ್ಲಿದೆ. ಮಿಷನ್‌ಗೆ ಇಟ್ಟ ಹಣ ಕೇಂದ್ರ, ರಾಜ್ಯ ಎರಡರ ಪಾಲೂ ಸೇರಿ 2,481 ಕೋಟಿ ರೂಪಾಯಿ. ರಾಸಾಯನಿಕ ಗೊಬ್ಬರದ ಸಬ್ಸಿಡಿಗೆ ಕೇಂದ್ರ ಒಂದೇ ವರ್ಷದಲ್ಲಿ ಸುರಿಯುವುದು 1.6 ಲಕ್ಷ ಕೋಟಿಗೂ ಮೇಲೆ. ಉಕ್ರೇನ್ ಯುದ್ಧದ ಬಿಸಿ ತಟ್ಟಿದ 2022-23ರಲ್ಲಿ ಅದು ಎರಡೂವರೆ ಲಕ್ಷ ಕೋಟಿಯ ಹತ್ತಿರ ಹೋಗಿತ್ತು. ಒಂದು ಕೈಯಲ್ಲಿ ನೂರು ರೂಪಾಯಿ ಕೊಟ್ಟು ಗೊಬ್ಬರ ಹಾಕು ಎನ್ನುವ ಸರ್ಕಾರವೇ ಇನ್ನೊಂದು ಕೈಯಲ್ಲಿ ಒಂದೂವರೆ ರೂಪಾಯಿ ಕೊಟ್ಟು ಹಾಕಬೇಡ ಎನ್ನುತ್ತಿದೆ. ರೈತ ಯಾವ ಕೈಯನ್ನು ನೋಡಬೇಕು?

ಅದರಲ್ಲೂ ಯೂರಿಯಾದ್ದು ವಿಶೇಷ ಕಥೆ. 45 ಕಿಲೋ ಚೀಲ ರೈತನಿಗೆ ಸಿಗುವುದು ಸುಮಾರು 266 ರೂಪಾಯಿಗೆ. ಈ ದರ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಡಿಎಪಿ ಚೀಲಕ್ಕೆ 1,350 ರೂಪಾಯಿ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಪದ್ಧತಿ ಬಂದಾಗ ರಂಜಕ, ಪೊಟ್ಯಾಷ್‌ಗಳನ್ನು ಅದರೊಳಗೆ ಸೇರಿಸಿ ಯೂರಿಯಾವನ್ನು ಮಾತ್ರ ಹೊರಗಿಟ್ಟರು. ಅಗ್ಗವಾದದ್ದು ಹೊಲಕ್ಕೆ ಹೆಚ್ಚು ಬಿತ್ತು. ಹಾಕಿದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪೈರಿಗೆ ದಕ್ಕುವುದೇ ಇಲ್ಲ; ಒಂದಷ್ಟು ಗಾಳಿಗೆ, ಒಂದಷ್ಟು ನೈಟ್ರೇಟ್ ಆಗಿ ಬೋರ್‌ವೆಲ್ ನೀರಿಗೆ. ಇದಕ್ಕೆ ರೈತನ ಅಜ್ಞಾನ ಕಾರಣ ಎಂದು ಕೃಷಿ ಮೇಳದ ವೇದಿಕೆಯಲ್ಲಿ ಹೇಳುವುದು ಸುಲಭ. ಬೆಲೆಪಟ್ಟಿ ಓದಲು ಬರುವ ಯಾರೇ ಆದರೂ ಮಾಡುವುದನ್ನೇ ಅವನೂ ಮಾಡಿದ್ದಾನೆ.

ಹಾಗೆಂದು ಸಬ್ಸಿಡಿಯನ್ನು ರಾತ್ರೋರಾತ್ರಿ ಕತ್ತರಿಸಿ ಎಂದರೆ ಏನಾಗುತ್ತದೆಂದು ಶ್ರೀಲಂಕಾ ತೋರಿಸಿದೆ. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿದ ಅಲ್ಲಿನ ಸರ್ಕಾರ ನವೆಂಬರಿನಲ್ಲಿ ಹಿಂದೆ ಸರಿಯಿತು. ಅಷ್ಟರಲ್ಲಿ ಭತ್ತದ ಇಳುವರಿ ಕುಸಿದು ಅಕ್ಕಿ ತರಿಸಿಕೊಳ್ಳುವ ಸ್ಥಿತಿ ಬಂದಿತ್ತು. ಸಿಕ್ಕಿಂ ಹಾಗೆ ಮಾಡಲಿಲ್ಲ. 2003ರಲ್ಲಿ ಹೊರಟು, ಗೊಬ್ಬರದ ಸಬ್ಸಿಡಿಯನ್ನು ವರ್ಷವರ್ಷ ಸ್ವಲ್ಪಸ್ವಲ್ಪವೇ ಇಳಿಸುತ್ತ, 2016ರಲ್ಲಿ ಪೂರ್ಣ ಸಾವಯವ ರಾಜ್ಯವೆನಿಸಿಕೊಂಡಿತು. ಸುಮಾರು 75 ಸಾವಿರ ಹೆಕ್ಟೇರ್ ಸಾಗುವಳಿ ಭೂಮಿಯ ಪುಟ್ಟ ರಾಜ್ಯಕ್ಕೇ ಹದಿಮೂರು ವರ್ಷ ಬೇಕಾಯಿತು.

ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. 2004ರಲ್ಲೇ ಸಾವಯವ ಕೃಷಿ ನೀತಿ ತಂದ ಹೆಗ್ಗಳಿಕೆ ನಮ್ಮದು. ಆಮೇಲೆ ಸಾವಯವ ಗ್ರಾಮ ಬಂತು, ಸಾವಯವ ಭಾಗ್ಯ ಬಂತು, ಶೂನ್ಯ ಬಂಡವಾಳ ಕೃಷಿಯ ಮಾತು ಬಂತು. ಕುರ್ಚಿಯಲ್ಲಿ ಕೂತವರು ಬದಲಾದಂತೆ ಯೋಜನೆಯ ಫಲಕವೂ ಬದಲಾಯಿತು. ಪಕ್ಕದ ಆಂಧ್ರದಲ್ಲಿ 2016ರಲ್ಲಿ ರೈತು ಸಾಧಿಕಾರ ಸಂಸ್ಥೆ ಶುರುಮಾಡಿದ ನೈಸರ್ಗಿಕ ಕೃಷಿಯ ಕೆಲಸ ಎರಡು ಸಲ ಸರ್ಕಾರ ಬದಲಾದರೂ ನಡೆದೇ ಇದೆ. ಅಲ್ಲಿ ಹಳ್ಳಿಗೆ ಹೋಗಿ ಕಲಿಸುವವರು ಸ್ವತಃ ಈ ಬೇಸಾಯ ಮಾಡಿದ ರೈತರು. ಬೆನ್ನಿಗೆ ನಿಂತಿರುವುದು ಮಹಿಳಾ ಸ್ವಸಹಾಯ ಸಂಘಗಳು. ಜೀವಾಮೃತದ ಡ್ರಮ್ಮು ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಕುತೂಹಲದ ಸಂಗತಿಯೆಂದರೆ, ಕರ್ನಾಟಕದಲ್ಲಿ ಪರಿಸರಸ್ನೇಹಿ ಬೇಸಾಯಕ್ಕೆ ದೊಡ್ಡ ಆಸರೆಯಾದ ಯೋಜನೆಗಳ ಹೆಸರಿನಲ್ಲಿ ‘ಸಾವಯವ’ ಎಂಬ ಪದವೇ ಇಲ್ಲ. ರಾಗಿಯನ್ನೇ ನೋಡಬಹುದು. ಕ್ವಿಂಟಲ್‌ಗೆ 2017-18ರಲ್ಲಿ 1,900 ರೂಪಾಯಿ ಇದ್ದ ಬೆಂಬಲ ಬೆಲೆ ಮರುವರ್ಷ 2,897ಕ್ಕೆ ಜಿಗಿಯಿತು, 2025-26ಕ್ಕೆ 4,886. ಸರ್ಕಾರ ಕೊಂಡಿತು, ದಕ್ಷಿಣದ ಜಿಲ್ಲೆಗಳ ಪಡಿತರ ಅಂಗಡಿಯಲ್ಲಿ ಹಂಚಿತು. ನೀರು ಕಡಿಮೆ ಕೇಳುವ, ಗೊಬ್ಬರಕ್ಕೆ ಹೆಚ್ಚು ಹಟ ಮಾಡದ ಬೆಳೆಗೆ ಕೊಳ್ಳುವವರು ಖಚಿತವಾದ ಮೇಲೆ ಉಪದೇಶದ ಅಗತ್ಯ ಬೀಳಲಿಲ್ಲ. ನವಣೆ, ಸಾಮೆ, ಹಾರಕ, ಕೊರಲೆ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ‘ರೈತ ಸಿರಿ’ಯದೂ ಇದೇ ದಾರಿ: ಹಣ ಚೀಲಕ್ಕಲ್ಲ, ಹೊಲಕ್ಕೆ.

ಆದರೆ ಇಲ್ಲೂ ಒಂದು ಕೊರತೆ ಉಳಿಯಿತು. ಖರೀದಿ ಕೇಂದ್ರಕ್ಕೆ ಬೇಕಾದದ್ದು ರಾಗಿ ಮಾತ್ರ. ಹಳೆಯ ಮೈಸೂರು ಸೀಮೆಯ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ದ್ವಿದಳ ಬೆಳೆಗಳು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಅಂದರೆ ಯೂರಿಯಾದ ಕೆಲಸವನ್ನು ಪುಕ್ಕಟೆ ಮಾಡುತ್ತವೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ರಾಗಿ ಕೈಕೊಟ್ಟ ವರ್ಷ ಅವರೆಯಾದರೂ ಮನೆಗೆ ಬರುತ್ತದೆ. ಯಂತ್ರದ ಕೊಯ್ಲಿಗೆ ಈ ಬೆರಕೆ ಒಗ್ಗುವುದಿಲ್ಲ, ಆಳಿನ ಕೂಲಿ ದುಬಾರಿ. ಹಾಗಾಗಿ ಸಾಲುಗಳು ಒಂದೊಂದಾಗಿ ಮಾಯವಾಗುತ್ತಿವೆ. ಸಾರ್ವಜನಿಕ ಹಣ ಸೇರಬೇಕಾದ ಜಾಗ ಇದು. ಒಬ್ಬ ರೈತ ಹೀಗೆ ಬೆಳೆದರೆ ಅಂತರ್ಜಲ ಶುದ್ಧವಾಗಿ ಉಳಿಯುವ ಲಾಭ ಊರಿಗೆಲ್ಲ, ಹೆಚ್ಚುವರಿ ಕೂಲಿಯ ಹೊರೆ ಅವನೊಬ್ಬನಿಗೇ.

2023ರಲ್ಲಿ ಬಂದ ಪಿಎಂ-ಪ್ರಣಾಮ್ ಯೋಜನೆಯಡಿ, ರಾಸಾಯನಿಕ ಗೊಬ್ಬರದ ಬಳಕೆ ಇಳಿಸಿದ ರಾಜ್ಯಕ್ಕೆ ಉಳಿದ ಸಬ್ಸಿಡಿಯ ಅರ್ಧ ಭಾಗ ಅನುದಾನವಾಗಿ ಸಿಗುತ್ತದೆ. ‘ರೈತ ಸಿರಿ’ಯ ಮಾದರಿಯಲ್ಲೇ ಅಕ್ಕಡಿ ಸಾಲಿಗೂ ಹೆಕ್ಟೇರು ಲೆಕ್ಕದ ಪ್ರೋತ್ಸಾಹಧನ ಕೊಡಲು, ಅಲ್ಲಿ ಬೆಳೆದ ಅವರೆ, ಅಲಸಂದೆಯನ್ನು ಶಾಲೆಯ ಬಿಸಿಯೂಟಕ್ಕೂ ಅಂಗನವಾಡಿಗೂ ಕೊಳ್ಳಲು ರಾಜ್ಯ ಈ ಬಾಗಿಲನ್ನು ಬಳಸಬಹುದು. ಬಿತ್ತಿದ ಬೆಳೆಯನ್ನು ಸರ್ವೆ ನಂಬರ್‌ವಾರು ಮೊಬೈಲಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ನಮ್ಮಲ್ಲಿ ಈಗಾಗಲೇ ಇದೆ. ಬಜೆಟ್ಟಿನಲ್ಲಿ ಇದಕ್ಕೊಂದು ಲೆಕ್ಕಶೀರ್ಷಿಕೆ ತೆರೆಯುವುದಷ್ಟೇ ಬಾಕಿ. ಹೊಸ ಹೆಸರು ಇಡದಿದ್ದರೂ ನಡೆಯುತ್ತದೆ.