ತೇರಿನ ವಂತಿಗೆ, ಮನೆಯ ಕಂದಾಯ

ಕುಂದಾಣದ ನಮ್ಮ ಸೋದರಮಾವನವರು ಮನೆಗಂದಾಯ ಹೆಚ್ಚಿತೆಂದು ಗೊಣಗುತ್ತಲೇ ತೇರಿನ ವಂತಿಗೆಗೆ ಧಾರಾಳವಾಗಿ ಕೈ ಬಿಚ್ಚಿದರು. “ತೇರು ಕಣ್ಣಿಗೆ ಕಾಣ್ತದಪ್ಪ, ಕಂದಾಯ ಎಲ್ಲಿ ಹೋಯ್ತು ಅಂತ ಹೇಳೋರ್ಯಾರು?”

ಇದನ್ನು ಜಿಪುಣತನವೆನ್ನಲಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ಪ್ರಶ್ನೆ ನೇರವಾಗಿ ಮತದಾರನ ಮುಂದೆಯೇ ಬರುತ್ತದೆ. ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಪೇಟೆಯ ಬೆಲೆಯಂತೆ ತೆರಿಗೆ ವಿಧಿಸಿ, ಬಂದ ಹಣವನ್ನು ಶಾಲೆಗಳಿಗೂ ಸ್ಥಳೀಯ ಆಡಳಿತಕ್ಕೂ ಕೊಡಬೇಕೆಂಬ ಸೂಚನೆಯನ್ನು 2020ರಲ್ಲಿ ಜನ ಅಲ್ಪ ಅಂತರದಿಂದ ತಿರಸ್ಕರಿಸಿದರು. ವಾಸದ ಮನೆಗಳಿಗೆ ಅದು ತಟ್ಟುತ್ತಲೇ ಇರಲಿಲ್ಲ! ಇಂದು ಅಂಗಡಿಗೆ ಬಂದದ್ದು ನಾಳೆ ಮನೆಗೂ ಬಂದೀತೆಂಬ ಅಳುಕನ್ನು ವಿರೋಧಿಗಳು ಬಿತ್ತಿದ್ದರು.

ನಮ್ಮಲ್ಲಿ ಕಂದಾಯಕ್ಕೆ ಮತದಾನವಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಅದನ್ನು ವಿಧಿಸುವುದು ಗ್ರಾಮ ಪಂಚಾಯಿತಿ, ಲೆಕ್ಕ ಕೇಳುವ ಸ್ಥಳ ಗ್ರಾಮಸಭೆ.

“ಸಭೆಗೆ ಹೋಗಿದ್ದಿರಾ, ಮಾವ?” ಎಂದೆ.

“ಬಿಡುವೆಲ್ಲಪ್ಪ?” ಎನ್ನುತ್ತ ಅವರು ವಂತಿಗೆಯ ರಸೀತಿಯನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟರು.